ಬರಲಾರದವರ ದಾಸೋಹ



ಮಠಕ್ಕೆ ಬಂದವರೆಲ್ಲರಿಗೂ ಪ್ರಸಾದವುಂಟು. ಬರಲಾರದವರ ಗತಿಯೇನು? ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಮಳೆ ತಪ್ಪಿದ ವರ್ಷ ಪ್ರಾಯದವರು ಕೊಡಗಿನ ಕಾಫಿತೋಟಗಳಿಗೂ ವಯನಾಡಿನ ಶುಂಠಿಹೊಲಗಳಿಗೂ ಕೂಲಿಗೆ ತೆರಳುವರು. ಮನೆಯಲ್ಲುಳಿಯುವವರು ವೃದ್ಧರು, ಶಿಶುಗಳು. ಸರ್ಕಾರವು 2007ರಿಂದ ಸಂಧ್ಯಾ ಸುರಕ್ಷಾ ಎಂಬ ಮಾಸಾಶನವನ್ನು 65 ವರ್ಷ ತುಂಬಿದ ಬಡವರಿಗೆ ಕೊಡುತ್ತಲಿರುವುದು ಸ್ತುತ್ಯವೇ ಸರಿ. ಆದರೆ ಅದಕ್ಕೆ ಅರ್ಜಿ ಬೇಕು, ವಯಸ್ಸಿನ ದಾಖಲೆ ಬೇಕು, ಕಚೇರಿಗೆ ನಡೆಯುವ ಕಾಲು ಬೇಕು. ನ್ಯಾಯಬೆಲೆಯ ಅಂಗಡಿಯಲ್ಲಿಯೂ ಬೆರಳಿನ ಗುರುತು ಹೊಂದದಿದ್ದರೆ ಅಕ್ಕಿ ದೊರೆಯುವುದು ಪ್ರಯಾಸ. ಕಳೆ ಕಿತ್ತು ಕಿತ್ತು ರೇಖೆ ಸವೆದ ವೃದ್ಧೆಯ ಬೆರಳನ್ನು ಯಂತ್ರವು ಅರಿಯದು! ಕಾಯಕ ಮಾಡಿದ ಕೈಯೇ ಅನ್ನಕ್ಕೆ ಅಡ್ಡಿಯಾಗಬೇಕೆ?

ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಡಾಕ್ಟರ್ ಸುದರ್ಶನರು, ರೋಗಿಯು ಬರಲೆಂದು ಕಾದು ಕೂಡದೆ, ಸೋಲಿಗರ ಪೋಡುಗಳಿಗೆ ತಾವೇ ಹೋಗಿ ಚಿಕಿತ್ಸೆಯಿತ್ತರು. ಚಾಮರಾಜನಗರದ ದೀನಬಂಧು ಸಂಸ್ಥೆಯು ಅನಾಥಮಕ್ಕಳಿಗೆ ಮನೆಯಾಯಿತು. ಬಸವಾದಿ ಶರಣರು ಎತ್ತಿಹಿಡಿದುದು ದಾಸೋಹವನ್ನು. ಅಲ್ಲಿ ನೀಡುವವನೇ ದಾಸನು, ನಡೆಯಬೇಕಾದವನೂ ಅವನೇ.

ಅಕ್ಷರ ಬಲ್ಲ ಶಿಷ್ಯನು ತನ್ನ ಕೇರಿಯ ಒಬ್ಬ ವೃದ್ಧರ ಅರ್ಜಿಯನ್ನಾದರೂ ಬರೆದು, ಅವರೊಡನೆ ಕಚೇರಿಗೆ ಹೋಗಿಬರಲಿ. ಹಿಂತಿರುಗುವಾಗ ಆ ಮನೆಯ ಒಲೆ ಹೊತ್ತಿದೆಯೇ ಎಂದೂ ನೋಡಲಿ.