ಚಂದ್ರನಾಡಿ ಮತ್ತು ಶಕ್ತಿತತ್ತ್ವ

(ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಚಂದ್ರನನ್ನು ಕುರಿತ ಯೋಗವೆಂದರೆ ಸ್ತ್ರೀಯರ ಯೋಗವೆಂದೂ, ಅದರ ಮೂಲಕ ಸ್ತ್ರೀಶಕ್ತಿಯನ್ನು ತಮ್ಮಲ್ಲಿ ಎಚ್ಚರಿಸಿಕೊಳ್ಳಬಹುದೆಂದೂ ಈಚೆಗೆ ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ಹೇಳುವ ವಾಡಿಕೆ ಹೆಚ್ಚಿದೆ. ಹುಣ್ಣಿಮೆಯ ರಾತ್ರಿ ಒಂದೆಡೆ ಕಲೆತು ಚಂದ್ರನಮಸ್ಕಾರ ಮಾಡುವರು. ಅಮಾವಾಸ್ಯೆಯಂದು ಮೌನವಾಗಿ ಕುಳಿತು ಸಂಕಲ್ಪ ಮಾಡುವರು. ಇದನ್ನು ಕೇಳಿದ ಕೂಡಲೆ ಪ್ರಾಚೀನವೆಂದು ಒಪ್ಪಿಬಿಡುವವರುಂಟು. ಹೊಸಬರ ವಿನೋದವೆಂದು ತಳ್ಳಿಹಾಕುವವರೂ ಉಂಟು. ಎರಡೂ ಅವಸರದ ಮಾತೇ. ಯೋಗಶಾಸ್ತ್ರದಲ್ಲಿ ಚಂದ್ರನೆಂದರೆ ಯಾವುದು, ಶಕ್ತಿಯೆಂದರೆ ಯಾವುದು, ಆ ಎರಡಕ್ಕೂ ಸ್ತ್ರೀಶರೀರಕ್ಕೂ ಇರುವ ಸಂಬಂಧವೆಷ್ಟು ಎಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ಯುಕ್ತವಲ್ಲ. ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವೂ ಅಲ್ಲ. ತಿಂಗಳಿನ ಆ ದಿನಗಳಲ್ಲಿ ಹೆಣ್ಣುಮಗಳು ದೇವರ ಜಗಲಿಯ ಮುಂದೆ ಕುಳಿತುಕೊಳ್ಳಬಹುದೆ ಎಂಬ ಪ್ರಶ್ನೆಯವರೆಗೆ ಇದು ಹೋಗಿ ಮುಟ್ಟುತ್ತದೆ.

ಹಠಯೋಗದ ಗ್ರಂಥಗಳಲ್ಲಿ ಚಂದ್ರನು ಆಕಾಶದಲ್ಲಿರುವಂತೆಯೇ ಶರೀರದಲ್ಲಿಯೂ ಇರುವನು. ಮೂಗಿನ ಎಡಹೊಳ್ಳೆಯಲ್ಲಿ ಹರಿಯುವ ಇಡಾನಾಡಿಯು ಚಂದ್ರನಾಡಿ, ಬಲಹೊಳ್ಳೆಯಲ್ಲಿ ಹರಿಯುವ ಪಿಂಗಲೆಯು ಸೂರ್ಯನಾಡಿ, ನಡುವೆ ಸುಷುಮ್ನೆ. ಹಠವೆಂಬ ಶಬ್ದಕ್ಕೆ ಬಲಾತ್ಕಾರವೆಂಬುದೇ ಲೋಕದ ಅರ್ಥವಾದರೂ, ಹಕಾರವು ಸೂರ್ಯ, ಠಕಾರವು ಚಂದ್ರ, ಇವೆರಡರ ಐಕ್ಯವೇ ಹಠಯೋಗವೆಂದು ಯೋಗಬೀಜವು ಅರ್ಥ ಮಾಡುತ್ತದೆ. ಉಸಿರು ಒಮ್ಮೆ ಎಡಗಡೆಯಲ್ಲಿ, ಒಮ್ಮೆ ಬಲಗಡೆಯಲ್ಲಿ ಹೆಚ್ಚಾಗಿ ಸಾಗುವುದು ಕಲ್ಪನೆಯಲ್ಲ. ಜರ್ಮನಿಯ ಕೈಸರ್ ಎಂಬ ವೈದ್ಯನು ೧೮೯೫ರಲ್ಲಿ ಇದನ್ನು ಪರೀಕ್ಷಿಸಿ ಬರೆದನು. ಮೂಗಿನ ಒಳಪೊರೆಯು ಒಂದು ಕಡೆ ಉಬ್ಬಿದಾಗ ಮತ್ತೊಂದು ಕಡೆ ಇಳಿಯುವುದೇ ಇದಕ್ಕೆ ಕಾರಣವೆಂದು ವೈದ್ಯಶಾಸ್ತ್ರವು ಒಪ್ಪಿದೆ. ಆದರೆ ಅದು ಎಲ್ಲರಲ್ಲಿಯೂ ಒಂದೇ ಅಳತೆಯಲ್ಲಿ ನಡೆಯುವುದಿಲ್ಲ.

ಚಂದ್ರನ ಪಕ್ಷಗಳಿಗೂ ಉಸಿರಿಗೂ ಗಂಟುಹಾಕಿದ ಗ್ರಂಥವು ಶಿವಸ್ವರೋದಯ. ಶುಕ್ಲಪಕ್ಷದ ಪಾಡ್ಯದ ಸೂರ್ಯೋದಯಕ್ಕೆ ಚಂದ್ರನಾಡಿಯು ಮೊದಲು ಹರಿಯಬೇಕು. ಹೀಗೆ ಮೂರು ದಿನ. ಅನಂತರ ಮೂರು ದಿನ ಸೂರ್ಯನಾಡಿಯು ಮೊದಲು. ಕೃಷ್ಣಪಕ್ಷದಲ್ಲಿ ಈ ಕ್ರಮವು ತಿರುವುಮುರುವು. ಒಂದೊಂದು ನಾಡಿಗೂ ಎರಡೂವರೆ ಘಳಿಗೆಯ ಕಾಲ, ಎಂದರೆ ಈಗಿನ ಲೆಕ್ಕದಲ್ಲಿ ಒಂದು ಗಂಟೆ. ಚಂದ್ರನಾಡಿಯು ನಡೆಯುವಾಗ ದಾನ, ವಿವಾಹ, ಕೆರೆಬಾವಿಗಳ ಕೆಲಸ ಮೊದಲಾದ ಸ್ಥಿರವೂ ಶುಭವೂ ಆದ ಕಾರ್ಯಗಳನ್ನು ಮಾಡಬೇಕೆಂದೂ, ಸೂರ್ಯನಾಡಿಯು ನಡೆಯುವಾಗ ಯುದ್ಧ, ವಾದ, ಭೋಜನ ಮುಂತಾದವು ಸಲ್ಲುವುವೆಂದೂ ಅದರ ವಿಧಿ. ಎಡನಾಡಿಯ ಚಂದ್ರನು ಶಕ್ತಿರೂಪನು, ಬಲನಾಡಿಯ ಸೂರ್ಯನು ಶಂಭುರೂಪನು ಎಂಬ ಮಾತೂ ಅಲ್ಲಿಯೇ ಇದೆ. ಈಚಿನವರು ಚಂದ್ರನಿಗೂ ಸ್ತ್ರೀತತ್ತ್ವಕ್ಕೂ ಕಲ್ಪಿಸುವ ಸಂಬಂಧಕ್ಕೆ ಶಾಸ್ತ್ರದ ಆಧಾರವನ್ನು ಕೇಳಿದರೆ ಮೊದಲು ತೋರಿಸತಕ್ಕದ್ದು ಇದನ್ನೇ. ಶ್ರೀವಿದ್ಯೆಯ ಉಪಾಸಕರು ಪಕ್ಷದ ಹದಿನೈದು ತಿಥಿಗಳನ್ನು ಹದಿನೈದು ನಿತ್ಯಾದೇವಿಯರೆಂದು ಪೂಜಿಸಿ, ಕ್ಷಯವಿಲ್ಲದ ಹದಿನಾರನೆಯ ಕಲೆಯೇ ಲಲಿತೆಯೆಂದು ಭಾವಿಸುವುದನ್ನೂ ಇದರೊಡನೆ ಸೇರಿಸಬಹುದು. ಆದಕಾರಣ ಚಂದ್ರನನ್ನು ದೇವಿಯೆಂದು ಕಾಣುವುದು ಹೊಸ ಮಾತೆಂದು ಹಳಿಯುವವರ ಪಕ್ಷವು ನಿಲ್ಲಲಾರದು.

ಹೀಗೆಂದು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತಾಗುವುದು. ಇನ್ನರ್ಧವು ಗೋರಕ್ಷನ ಹೆಸರಿನಲ್ಲಿ ಪ್ರಚಲಿತವಾಗಿರುವ ವಿವೇಕಮಾರ್ತಾಂಡದಲ್ಲಿದೆ. ಅಲ್ಲಿ ಶರೀರದೊಳಗಿನ ಬಿಂದುವು ಬಿಳಿದು ಮತ್ತು ಕೆಂಪು ಎಂದು ಎರಡು ಬಗೆ. ಬಿಳಿಯದು ಶುಕ್ಲ, ಕೆಂಪಾದುದು ರಜಸ್ಸು. ಶುಕ್ಲಬಿಂದುವೇ ಶಿವ, ರಜಸ್ಸೇ ಶಕ್ತಿ. ಆ ಶಿವನಾದ ಬಿಂದುವೇ ಚಂದ್ರ. ಶಕ್ತಿಯಾದ ರಜಸ್ಸೇ ಸೂರ್ಯ! ಎರಡರ ಸಂಗಮದಿಂದಲೇ ಪರಮಪದವು ಲಭಿಸುವುದು. ಸ್ವರೋದಯದಲ್ಲಿ ಚಂದ್ರನು ಶಕ್ತಿಯಾಗಿದ್ದರೆ ಇಲ್ಲಿ ಚಂದ್ರನು ಶಿವನು, ಸೂರ್ಯನೇ ಶಕ್ತಿ. ಹಠಯೋಗಿಗಳು ಹೇಳುವ ಅಮೃತದ ಲೆಕ್ಕವೂ ಇದನ್ನೇ ಹೋಲುತ್ತದೆ. ಅಂಗುಳಿನ ಮೇಲೆ ನೆಲೆಸಿದ ಚಂದ್ರನು ಅಮೃತವನ್ನು ಸುರಿಸುತ್ತಾನೆ. ನಾಭಿಯಲ್ಲಿರುವ ಸೂರ್ಯನು ಅದೆಲ್ಲವನ್ನೂ ನುಂಗುತ್ತಾನೆ. ಅದರಿಂದಲೇ ದೇಹಕ್ಕೆ ಮುಪ್ಪು. ತಲೆಯನ್ನು ಕೆಳಗೂ ನಾಭಿಯನ್ನು ಮೇಲೂ ಮಾಡುವ ವಿಪರೀತಕರಣಿಯನ್ನು ವಿಧಿಸಿದ್ದು ಈ ನಷ್ಟವನ್ನು ತಡೆಯುವುದಕ್ಕಾಗಿ. ಈ ಚಂದ್ರನು ಗಂಡಸಿನಲ್ಲಿಯೂ ಹೆಂಗಸಿನಲ್ಲಿಯೂ ಒಂದೇ ಎಡೆಯಲ್ಲಿ ಇರುವವನು. ಅವನಿಗೂ ಹೆಣ್ತನಕ್ಕೂ ಇಲ್ಲಿ ಯಾವ ನಂಟನ್ನೂ ಹೇಳಿಲ್ಲ.

ಭಾಷೆಯನ್ನು ನೋಡಿದರೂ ಹಾಗೆಯೇ. ಸಂಸ್ಕೃತದಲ್ಲಿ ಚಂದ್ರಶಬ್ದವು ಪುಲ್ಲಿಂಗ. ಪುರಾಣದಲ್ಲಿ ಆತನು ಇಪ್ಪತ್ತೇಳು ನಕ್ಷತ್ರಗಳ ಗಂಡ. ಗ್ರೀಕರಿಗೂ ರೋಮಿನವರಿಗೂ ಚಂದ್ರನು ದೇವಿ. ಅವರ ನೆರೆಯವರಾದ ಜರ್ಮನರ ಮಾತಿನಲ್ಲಿ ಮತ್ತೆ ಪುಲ್ಲಿಂಗ. ಕನ್ನಡದ ‘ತಿಂಗಳು’ ಇವೆರಡರ ಗೊಡವೆಗೂ ಹೋಗದೆ ನಪುಂಸಕವಾಗಿ, ಬಾನಿನ ಚಂದ್ರನಿಗೂ ಮೂವತ್ತು ದಿನದ ಮಾಸಕ್ಕೂ ಒಂದೇ ಹೆಸರಾಗಿ ನಿಂತಿದೆ. ಚಂದ್ರನು ಹೆಣ್ಣೋ ಗಂಡೋ ಎಂಬುದು ನೋಡುವವರ ಭಾವಕ್ಕೆ ಸೇರಿದ್ದೇ ಹೊರತು ಚಂದ್ರನಿಗೆ ಸೇರಿದ್ದಲ್ಲ.

ಹಾಗಾದರೆ ಈ ಗ್ರಂಥಗಳು ಒಂದಕ್ಕೊಂದು ವಿರುದ್ಧವೆ? ಒಂದು ಉಸಿರಿನ ನಡೆಯನ್ನು ಹೇಳುತ್ತದೆ, ಮತ್ತೊಂದು ಧಾತುಗಳ ವಿಚಾರವನ್ನು ಹೇಳುತ್ತದೆ. ಆದ್ದರಿಂದ ಹೆಸರುಗಳು ಅದಲುಬದಲಾಗಿವೆ. ಆದರೆ ಎರಡಕ್ಕೂ ಸಮ್ಮತವಾದ ಅಂಶವೊಂದುಂಟು: ಶಿವನೂ ಶಕ್ತಿಯೂ ಪ್ರತಿಯೊಂದು ದೇಹದಲ್ಲಿಯೂ ಇರುವರು. ಶಕ್ತಿಯನ್ನು ಸ್ತ್ರೀಯರ ಪಾಲಿಗೆ, ಶಿವನನ್ನು ಪುರುಷರ ಪಾಲಿಗೆ ಹಂಚಿಕೊಟ್ಟವರು ಆ ಗ್ರಂಥಕಾರರಲ್ಲ. ಅರ್ಧನಾರೀಶ್ವರನ ಎಡಭಾಗವೇ ದೇವಿ. ಇಷ್ಟಲಿಂಗವನ್ನು ಪೂಜೆಗೆ ಬಿಜಯಂಗೈಸುವುದೂ ಎಡದ ಅಂಗೈಯಲ್ಲಿಯೇ. ಹಾಗೆ ಪೂಜಿಸುವವರಲ್ಲಿ ಗಂಡಸರಿಗೊಂದು ಕೈ, ಹೆಂಗಸರಿಗೊಂದು ಕೈ ಎಂಬ ಭೇದವಿಲ್ಲ.

ಇನ್ನು ಈಗ ನಡೆಯುತ್ತಿರುವ ಆಚರಣೆಗಳ ವಿಷಯ. ಸೂರ್ಯನಮಸ್ಕಾರವು ವ್ಯಾಯಾಮವಾಗಿ ದೇಶದಲ್ಲೆಲ್ಲ ಹಬ್ಬಿದ್ದು ಔಂಧದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರ ಉತ್ಸಾಹದಿಂದ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಚಂದ್ರನಮಸ್ಕಾರವು ಅದರ ತಂಗಿ. ಅದಕ್ಕಿಂತಲೂ ಚಿಕ್ಕ ವಯಸ್ಸಿನದು. ಬಿಹಾರದ ಮುಂಗೇರಿನ ಯೋಗವಿದ್ಯಾಲಯದವರು ಕಲಿಸುವ ಚಂದ್ರನಮಸ್ಕಾರದಲ್ಲಿ ಹದಿನಾಲ್ಕು ಭಂಗಿಗಳಿದ್ದು, ಅವು ಚಂದ್ರನ ಹದಿನಾಲ್ಕು ಕಲೆಗಳಿಗೆ ಸರಿಯೆಂದು ಹೇಳುವರು. ಅಮೆರಿಕದ ಕೃಪಾಲು ಯೋಗಕೇಂದ್ರದಲ್ಲಿ ೧೯೮೦ರ ದಶಕದಲ್ಲಿ ಯೋಗಶಿಕ್ಷಕಿಯರೇ ಕಲೆತು ತಮಗೆಂದು ಬೇರೊಂದು ಕ್ರಮವನ್ನು ರಚಿಸಿದರು. ಹಠಪ್ರದೀಪಿಕೆಯ ಎಂಟು ಕುಂಭಕಗಳಲ್ಲಿ ಸೂರ್ಯಭೇದನವುಂಟು, ಚಂದ್ರಭೇದನವಿಲ್ಲ. ಹೊಸದೆಂಬ ಮಾತ್ರಕ್ಕೆ ಯಾವುದೂ ನಿಂದ್ಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ವಚನವೂ ಹೊಸದಾಗಿಯೇ ಇತ್ತಷ್ಟೆ. ಆದರೆ ಹೊಸದನ್ನು ಹೊಸದೆಂದೇ ಹೇಳಿ ಮಾಡುವುದು ಪ್ರಾಮಾಣಿಕವಾದ ದಾರಿ.

ಮೈಸೂರಿನಲ್ಲಿ ಬೆಳೆದ ಅಷ್ಟಾಂಗವಿನ್ಯಾಸವೆಂಬ ಪದ್ಧತಿಯವರು ಹುಣ್ಣಿಮೆ ಅಮಾವಾಸ್ಯೆಗಳಂದು ಅಭ್ಯಾಸವನ್ನೇ ಬಿಡುವರು. ಇಂದು ಲೋಕದ ನಾನಾ ದೇಶಗಳಲ್ಲಿ ಈ ನಿಯಮ ನಡೆಯುತ್ತಿದೆ. ಅದಕ್ಕೆ ಶರೀರದ ನೀರು, ಸಮುದ್ರದ ಉಬ್ಬರ ಎಂದು ನಾನಾ ಕಾರಣಗಳನ್ನು ಹೇಳುವರು. ಪಾಠಶಾಲೆಯಲ್ಲಿ ಓದಿದವರಿಗೆ ಅಷ್ಟು ದೂರ ಹೋಗಬೇಕಾದ್ದಿಲ್ಲ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯದ ದಿನಗಳು. ಅಂದು ಪುಸ್ತಕ ಬಿಚ್ಚುವಂತಿಲ್ಲ. ತಿರುಮಲೆ ಕೃಷ್ಣಮಾಚಾರ್ಯರು ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಲಾರಂಭಿಸಿ, ೧೯೩೪ರಲ್ಲಿ ಕನ್ನಡದಲ್ಲಿ ಯೋಗಮಕರಂದವನ್ನು ಪ್ರಕಟಿಸಿದರು. ಅವರ ಶಿಷ್ಯರೂ ಈ ಪದ್ಧತಿಯ ಪ್ರವರ್ತಕರೂ ಆದ ಪಟ್ಟಾಭಿ ಜೋಯಿಸರು ೧೯೩೭ರಿಂದ ಬಹುಕಾಲ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಕಲಿಸುತ್ತಿದ್ದರು. ಪಾಠಶಾಲೆಯ ರಜವೇ ಯೋಗದ ರಜವಾಗಿ ಸಮುದ್ರ ದಾಟಿ ಹೋಗಿರಬೇಕೆಂದು ಊಹಿಸಿದರೆ ಬಹುಶಃ ತಪ್ಪಾಗದು.

ವೀರಶೈವ ಸಿದ್ಧಾಂತದಲ್ಲಿ ಶಕ್ತಿಯ ವಿಚಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಾಯಿದೇವನ ಅನುಭವಸೂತ್ರದಂತೆ ಸ್ಥಲವೆಂಬ ಪರಶಿವವು ಲಿಂಗವೆಂದೂ ಅಂಗವೆಂದೂ ಎರಡಾಗುವುದು ತನ್ನ ಶಕ್ತಿಯ ಚಲನೆಯಿಂದ. ಆಗ ಶಕ್ತಿಯೂ ಎರಡಾಗುತ್ತದೆ: ಲಿಂಗವನ್ನು ಆಶ್ರಯಿಸಿದ್ದು ಶಕ್ತಿ, ಅಂಗವನ್ನು ಆಶ್ರಯಿಸಿದ್ದು ಭಕ್ತಿ. ಶಕ್ತಿಯು ಪ್ರವೃತ್ತಿರೂಪವಾದದ್ದು, ಭಕ್ತಿಯು ನಿವೃತ್ತಿರೂಪವಾದದ್ದು. ಚಿಚ್ಛಕ್ತಿಯಿಂದ ಕ್ರಿಯಾಶಕ್ತಿಯವರೆಗೆ ಆರು ಶಕ್ತಿಗಳು. ಸದ್ಭಕ್ತಿಯಿಂದ ಸಮರಸಭಕ್ತಿಯವರೆಗೆ ಆರು ಭಕ್ತಿಗಳು. ಜೀವನನ್ನು ಸಂಸಾರಕ್ಕೆ ಇಳಿಸಿದ ಆ ಒಂದು ಶಕ್ತಿಯೇ ಭಕ್ತಿಯಾಗಿ ತಿರುಗಿ ಅವನನ್ನು ಮೇಲಕ್ಕೆತ್ತುವುದು. ಹೀಗಿರಲಾಗಿ ಶಕ್ತಿಯೊಡನೆ ಸಂಬಂಧವನ್ನು ಬೆಳೆಸುವುದೆಂದರೆ ಹೊರಗಿನಿಂದ ಏನನ್ನೋ ಆವಾಹನ ಮಾಡಿಕೊಳ್ಳುವುದಲ್ಲ. ಇರುವ ಶಕ್ತಿಯ ಮುಖವನ್ನು ತಿರುಗಿಸುವುದು. ಶರಣನು ಸತಿ, ಲಿಂಗವೇ ಪತಿ ಎಂಬ ಭಾವಕ್ಕೆ ಮೀಸೆ ಹೊತ್ತ ಗಂಡಸೂ ಹೊರಗಲ್ಲ. ಉಡುತಡಿಯ ಅಕ್ಕಮಹಾದೇವಿಯು ಆ ಸತಿಭಾವದಲ್ಲಿಯೇ ಸಿದ್ಧಿಯನ್ನು ಪಡೆದಳು. ಆದರೆ ಅವಳ ಶಕ್ತಿಯನ್ನು ತಂಪು, ಮೃದುತ್ವ, ಬೆಳದಿಂಗಳು ಎಂಬ ಮಾತುಗಳಲ್ಲಿ ಅಡಗಿಸಲು ಯಾರಿಂದ ಸಾಧ್ಯ? ಅರಮನೆಯನ್ನು ಬಿಟ್ಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದವಳ ತೇಜಸ್ಸು ನಡುಹಗಲಿನದು. ಸ್ತ್ರೀಗೆ ಚಂದ್ರನನ್ನು ಗೊತ್ತುಮಾಡಿ ಸೂರ್ಯನನ್ನು ಪುರುಷನಿಗೆ ಕಾದಿಟ್ಟರೆ, ಗೌರವಿಸಿದಂತೆ ತೋರಿದರೂ ಅವಳ ಪಾಲಿನಲ್ಲಿ ಅರ್ಧವನ್ನು ಕಿತ್ತುಕೊಂಡಂತೆಯೇ ಆಗುವುದು.

ಚಂದ್ರನಿಗೂ ಸ್ತ್ರೀಗೂ ನಂಟು ಹೇಳುವವರು ಕೊನೆಗೆ ಬಂದು ನಿಲ್ಲುವುದು ಋತುಚಕ್ರದ ಬಳಿ. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಋತುಚಕ್ರವೂ ಸರಾಸರಿಯಲ್ಲಿ ಅದಕ್ಕೆ ಸಮೀಪ. ಆದರೆ ೨೧ರಿಂದ ೩೫ ದಿನಗಳವರೆಗೆ ವ್ಯತ್ಯಾಸವಿರುವುದು ಸಹಜವೆಂದು ವೈದ್ಯರ ಮತ. ಒಂದೇ ಮನೆಯ ಅಕ್ಕತಂಗಿಯರಲ್ಲಿಯೂ ಅದು ಒಂದೇ ಸಮನಲ್ಲ. ಆಕಾಶದ ಚಂದ್ರನಾದರೋ ಎಲ್ಲರಿಗೂ ಒಬ್ಬನೇ. ಆದ್ದರಿಂದ ತಿಥಿ ನೋಡಿ ದೇಹವು ನಡೆಯದಿದ್ದರೆ ಯಾವ ಹೆಣ್ಣುಮಗಳೂ ತನ್ನಲ್ಲಿ ದೋಷವಿದೆಯೆಂದು ಕಳವಳಪಡಬೇಕಾದ್ದಿಲ್ಲ.

ಇದಕ್ಕಿಂತ ಭಾರವಾದ ಮಾತೊಂದಿದೆ. ಯೋಗಗ್ರಂಥವು ಯಾವ ರಜಸ್ಸನ್ನು ಶಕ್ತಿಯೆಂದು ಕರೆಯಿತೋ ಅದನ್ನೇ ಲೋಕವು ಮೈಲಿಗೆಯೆಂದು ಕರೆದು ಹೆಣ್ಣನ್ನು ಹೊರಗೆ ಕೂರಿಸಿತು. ಜಾತಿ, ಜನನ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂಬುದು ಈ ಮತದ ಮೂಲನಿಯಮಗಳಲ್ಲೊಂದು. ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಿಯೂ ಪ್ರಸೂತಿಕಾಲದಲ್ಲಿಯೂ ಸೂತಕವಿಲ್ಲವೆಂದು ಸಿದ್ಧಾಂತಶಿಖಾಮಣಿಯು ಸ್ಪಷ್ಟವಾಗಿ ವಿಧಿಸಿದೆ. ಹಾಗಿದ್ದರೂ ನೆರೆಹೊರೆಯ ಪದ್ಧತಿಯನ್ನು ನೋಡಿ ಕಲಿತು, ಆ ಮೂರು ದಿನ ಲಿಂಗಪೂಜೆಯನ್ನು ನಿಲ್ಲಿಸುವ ಮನೆಗಳು ಇಂದಿಗೂ ಇವೆ. ಕೊರಳಿನಲ್ಲಿ ಲಿಂಗವು ಇದ್ದಂತೆಯೇ ಇರುತ್ತದೆ. ಕೈಯಲ್ಲಿ ಹಿಡಿಯುವುದಕ್ಕೆ ಮಾತ್ರ ಮೈಲಿಗೆಯೆನ್ನುವರು! ಈ ವಿಚಿತ್ರವಾದ ನ್ಯಾಯಕ್ಕೆ ಆಧಾರವೆಲ್ಲಿಯೆಂದು ಕೇಳಿದರೆ ‘ಅತ್ತೆಯವರು ಹೇಳಿದರು’ ಎಂಬ ಉತ್ತರವನ್ನು ಬಿಟ್ಟು ಬೇರೆ ದೊರೆಯದು. ಹುಣ್ಣಿಮೆಯ ರಾತ್ರಿ ಸ್ತ್ರೀಶಕ್ತಿಯನ್ನು ಕೊಂಡಾಡಿ, ಮರುವಾರ ಮಗಳನ್ನು ಜಗಲಿಯಿಂದ ದೂರ ಕೂರಿಸಿದರೆ ಆ ಕೊಂಡಾಟಕ್ಕೆ ಏನು ಬೆಲೆ?

ಚಂದ್ರನಾಡಿಯ ಅಭ್ಯಾಸವನ್ನು ಅಪೇಕ್ಷಿಸುವವರು, ಸ್ತ್ರೀಯರಾಗಲಿ ಪುರುಷರಾಗಲಿ, ನಾಡೀಶೋಧನದಿಂದ ಆರಂಭಿಸುವುದು ಲೇಸು. ಪದ್ಮಾಸನದಲ್ಲಿ ಕುಳಿತು ಚಂದ್ರನಿಂದ, ಎಂದರೆ ಎಡಹೊಳ್ಳೆಯಿಂದ, ಉಸಿರನ್ನು ತುಂಬಿ, ಶಕ್ತಿಯಿದ್ದಷ್ಟು ನಿಲ್ಲಿಸಿ, ಬಲಹೊಳ್ಳೆಯಿಂದ ಮೆಲ್ಲಗೆ ಬಿಡುವುದು. ಅನಂತರ ಬಲದಿಂದ ತುಂಬಿ ಎಡದಿಂದ ಬಿಡುವುದು. ಹೀಗೆ ತಪ್ಪದೆ ನಡೆಸಿದರೆ ಮೂರು ತಿಂಗಳಿನ ಮೇಲೆ ನಾಡಿಗಳು ಶುದ್ಧವಾಗುವುವೆಂದು ಹಠಪ್ರದೀಪಿಕೆಯ ಮತ. ಆ ಗ್ರಂಥದ ಕೊನೆಯ ಉಪದೇಶದಲ್ಲಿ ಸೂರ್ಯಚಂದ್ರರು ಹಗಲಿರುಳುಗಳೆಂಬ ಕಾಲವನ್ನು ಉಂಟುಮಾಡುವವರು, ಸುಷುಮ್ನೆಯು ಆ ಕಾಲವನ್ನೇ ಉಣ್ಣುವವಳು. ಚಂದ್ರನು ಅಲ್ಲಿ ಬಾಗಿಲು ಮಾತ್ರ, ಮನೆಯಲ್ಲ. ಚೆನ್ನಸದಾಶಿವಯೋಗಿಯ ಶಿವಯೋಗಪ್ರದೀಪಿಕೆಯೂ ಹಠವನ್ನು ದಾಟಿಸಿ ರಾಜಯೋಗಕ್ಕೆ ಒಯ್ದು, ಅದಕ್ಕೂ ಶಿವಯೋಗಕ್ಕೂ ಭೇದವಿಲ್ಲವೆನ್ನುತ್ತದೆ.

ಋತುದಿನಗಳಲ್ಲಿ ದೇಹವು ಬಳಲಿದ್ದರೆ ಕುಂಭಕವನ್ನೂ ತಲೆಕೆಳಗಾಗುವ ಆಸನಗಳನ್ನೂ ಬಿಡತಕ್ಕದ್ದು. ಅದು ಆಯಾಸದ ಲೆಕ್ಕ, ಮೈಲಿಗೆಯ ಲೆಕ್ಕವಲ್ಲ. ಲಿಂಗಪೂಜೆಯನ್ನು ಮಾತ್ರ ಬಿಡಬೇಕಾದ್ದಿಲ್ಲ. ಕುಳಿತುಕೊಳ್ಳಲು ಆಗುವಷ್ಟು ಹೊತ್ತು ಕುಳಿತು, ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿ, ಉಸಿರು ಯಾವ ಹೊಳ್ಳೆಯಲ್ಲಿ ಹರಿಯುತ್ತಿದೆಯೆಂದು ಎಣಿಸದೆ ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸಿದರೆ ಸಾಕು.