ಬಿಸಿಲುಸೀಮೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್



ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿದೆ. ಅವಳ ಮಗ ಪದವಿ ಓದುತ್ತಲೇ ಮದುವೆ ವಿಡಿಯೋಗಳನ್ನು ಸಂಕಲನ ಮಾಡಿಕೊಟ್ಟು ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವ ಹುಡುಗ. ಅವನು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡದ್ದು ನನ್ನ ಶಿಫಾರಸಿನ ಮೇಲೆ. ಆಟಕ್ಕೆಂದು ತಯಾರಾದ ಯಂತ್ರವಾದರೂ ಸಂಕಲನಕ್ಕೂ ಅದು ಒದಗುತ್ತದೆ. ನಮ್ಮ ವೃತ್ತಿಯಲ್ಲೂ ಅನೇಕರು ಅದನ್ನೇ ಬಳಸುತ್ತಾರೆ. ಅಕ್ಕ ಎಂಟು ಕುರಿ ಮಾರಿ ಹಣ ಹೊಂದಿಸಿದಳು. ಪೆಟ್ಟಿಗೆ ಬಿಚ್ಚಿದ ದಿನ ನಾನೇ ಯಂತ್ರವನ್ನು 'ಪರ್ಫಾರ್ಮೆನ್ಸ್' ಮೋಡ್‌ಗೆ ಹಾಕಿ, "ಇದನ್ನು ಬದಲಾಯಿಸಬೇಡ, ಹಣ ಕೊಟ್ಟಿರುವುದೇ ಇದಕ್ಕೆ" ಎಂದು ದೊಡ್ಡಸ್ತಿಕೆಯಿಂದ ಹೇಳಿ ಬಂದೆ.

ಅದು ಡಿಸೆಂಬರ್ ತಿಂಗಳು. ಏಪ್ರಿಲ್ ಕೊನೆಗೆ ಹುಡುಗನ ಫೋನು ಬಂತು. ಯಂತ್ರ ಕೆಲಸದ ನಡುವೆ ತಡವರಿಸುತ್ತದೆ, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ, ಆಮೇಲೆ ತಾನೇ ಆರಿಹೋಗುತ್ತದೆ. ಪೇಟೆಯ ಒಂದು ಅಂಗಡಿಯವರು ಬೋರ್ಡ್ ಹೋಗಿದೆ, ಹದಿನೆಂಟು ಸಾವಿರ ಆಗುತ್ತದೆ ಎಂದಿದ್ದರು. ಕೈಯಲ್ಲಿ ಒಂದು ಮದುವೆಯ ಕೆಲಸ ಅರ್ಧಕ್ಕೆ ನಿಂತಿತ್ತು. "ಕುರಿಯಾದರೂ ಉಳಿಯುತ್ತಿದ್ದವು" ಎಂದು ಅಕ್ಕ ಹಿಂದಿನಿಂದ ಹೇಳಿದ್ದು ನನಗೂ ಕೇಳಿಸಿತು.

ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ತಗಡಿನ ಚಾವಣಿಯ ಹೊಸ ಕೋಣೆ, ಗೋಡೆಯ ಉಷ್ಣಮಾಪಕದಲ್ಲಿ 39 ಡಿಗ್ರಿ. ಲ್ಯಾಪ್‌ಟಾಪ್ ಮಂಚದ ಮೇಲಿತ್ತು, ಮಂಚದ ಮೇಲೆ ಚಳ್ಳಕೆರೆ ಸೀಮೆಯ ಕರಿ ಕಂಬಳಿ. ಚಳಿಗೆ ಹೊದೆಯಲು ಅದಕ್ಕಿಂತ ಒಳ್ಳೆಯದಿಲ್ಲ; ಉಣ್ಣೆ ಶಾಖವನ್ನು ಹೊರಗೆ ಬಿಡುವುದಿಲ್ಲ. ಅದೇ ಕಾರಣಕ್ಕೆ ಲ್ಯಾಪ್‌ಟಾಪಿಗೆ ಅದಕ್ಕಿಂತ ಕೆಟ್ಟ ಹಾಸಿಗೆಯೂ ಇಲ್ಲ. ಈ ಯಂತ್ರಗಳು ತಂಪು ಗಾಳಿಯನ್ನು ಎಳೆದುಕೊಳ್ಳುವುದು ಹೆಚ್ಚಾಗಿ ತಳದ ರಂಧ್ರಗಳಿಂದ. ಆ ರಂಧ್ರಗಳು ಉಣ್ಣೆಯಲ್ಲಿ ಹುದುಗಿದ್ದವು.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಇಂಥ ಲ್ಯಾಪ್‌ಟಾಪಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸೇರಿ ಪೂರ್ಣ ದುಡಿಮೆಯಲ್ಲಿ 150ರಿಂದ 200 ವಾಟ್‌ವರೆಗೂ ವಿದ್ಯುತ್ ಎಳೆಯುವುದುಂಟು. ಹೆಚ್ಚುಕಡಿಮೆ ಅಷ್ಟೂ ಶಾಖವಾಗಿಯೇ ಹೊರಬರುತ್ತದೆ. ಹಳೆಯ ಕಾಲದ ನೂರು ವಾಟಿನ ಎರಡು ಬಲ್ಬುಗಳನ್ನು ಹೊತ್ತಿಸಿ ಎರಡು ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತೆ. ಈ ಶಾಖವನ್ನು ಹೊರುವುದು ಚಪ್ಪಟೆಯಾದ ತಾಮ್ರದ ಕೊಳವೆಗಳು. ಗಾಳಿ ತೆಗೆದ ಆ ಕೊಳವೆಯೊಳಗೆ ತುಸು ದ್ರವ, ಸಾಮಾನ್ಯವಾಗಿ ನೀರು, ಇರುತ್ತದೆ. ಚಿಪ್ಪಿನ ಕಡೆ ಅದು ಆವಿಯಾಗಿ ಓಡಿ, ಲೋಹದ ರೆಕ್ಕೆಗಳ ಬಳಿ ತಣಿದು, ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಫ್ಯಾನು ರೆಕ್ಕೆಗಳ ನಡುವೆ ಗಾಳಿ ಹಾಯಿಸಿ ಶಾಖವನ್ನು ಕೋಣೆಗೆ ತಳ್ಳುತ್ತದೆ. ಕೋಣೆಯ ಗಾಳಿಗಿಂತ ತಂಪು ಮಾಡುವ ಶಕ್ತಿ ಅದಕ್ಕಿಲ್ಲ ಎಂಬುದನ್ನು ಗಮನಿಸಬೇಕು.

ಚಿಪ್ಪಿನ ಮಿತಿ ಸಾಮಾನ್ಯವಾಗಿ 95ರಿಂದ 100 ಡಿಗ್ರಿ. 95 ಎಂದಿಟ್ಟುಕೊಳ್ಳಿ. ಕೋಣೆ 25 ಡಿಗ್ರಿಯಿದ್ದರೆ ಶಾಖ ಹರಿಯಲು 70 ಡಿಗ್ರಿಯ ಇಳಿಜಾರು ಸಿಗುತ್ತದೆ. 40 ಇದ್ದರೆ 55 ಮಾತ್ರ. ಅದೇ ಫ್ಯಾನು, ಅದೇ ತಾಮ್ರ, ಆದರೆ ಸಾಗಿಸಬಲ್ಲ ಶಾಖ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು. ಮಿತಿ ಮುಟ್ಟಿದೊಡನೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ತುಸು ತಣಿದರೆ ಏರಿಸುತ್ತದೆ, ಮತ್ತೆ ತಗ್ಗಿಸುತ್ತದೆ. ಹುಡುಗ ಕಂಡ ತಡವರಿಕೆ ಇದೇ. ಆಗಲೂ ಸಾಲದಿದ್ದರೆ ಯಂತ್ರ ಆರಿಹೋಗುತ್ತದೆ. ಅದು ಕೆಟ್ಟದ್ದಲ್ಲ, ಕೆಡದಂತೆ ನೋಡಿಕೊಂಡದ್ದು.

ಹಾಗಾದರೆ ಮೋಡ್ ಎಂದರೇನು? ಎಷ್ಟು ವಾಟ್ ಎಳೆಯಬಹುದು, ಫ್ಯಾನು ಎಷ್ಟು ಬೇಗ ತಿರುಗಬೇಕು ಎಂಬ ಅಪ್ಪಣೆ ಮಾತ್ರ. ಆ ಅಪ್ಪಣೆಗೆ ಕೋಣೆಯ ಒಪ್ಪಿಗೆ ಬೇಕೆಂಬುದು ಬಿ.ಎಸ್ಸಿ. ಓದಿದ ನನಗೇ ಹೊಳೆದಿರಲಿಲ್ಲ. ಇನ್ನೊಂದು ಸಂಗತಿ: ಚಿಪ್ಪಿನ ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು. ಶಾಖ ವೇಗದೊಡನೆ ನೇರವಾಗಿಯೂ ವೋಲ್ಟೇಜಿನ ವರ್ಗದೊಡನೆಯೂ ಬೆಳೆಯುತ್ತದೆ. ಎರಡನ್ನೂ ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಶಾಖ ನೂರರಿಂದ 73ಕ್ಕೆ ಬರುತ್ತದೆ. ಈ ಲೆಕ್ಕಕ್ಕೆ ದೊಡ್ಡ ಕಂಪನಿಗಳೂ ತಲೆಬಾಗಿವೆ; 2004ರಲ್ಲಿ ಇಂಟೆಲ್ ತನ್ನ 'ತೇಜಸ್' ಎಂಬ ಪ್ರೊಸೆಸರನ್ನು ಕೈಬಿಡಲು ಶಾಖ ಮುಖ್ಯ ಕಾರಣ.

ನಾವು 'ಬ್ಯಾಲೆನ್ಸ್ಡ್' ಮೋಡ್‌ಗೆ ಹಾಕಿ, ಕಂಬಳಿ ತೆಗೆದು, ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಮರದ ತುಂಡು ಇಟ್ಟೆವು. ಯಂತ್ರವನ್ನು ಅಕ್ಕನ ಹಳೆಯ ಮಾಳಿಗೆ ಮನೆಯ ನಡುಮನೆಗೆ ಸಾಗಿಸಿದೆವು. ದಪ್ಪ ಮಣ್ಣಿನ ಮಾಳಿಗೆ ಮಧ್ಯಾಹ್ನದ ಬಿಸಿಲನ್ನು ಸಂಜೆಯವರೆಗೆ ತಡೆದು ನಿಲ್ಲಿಸುತ್ತದೆ. ತಗಡಿಗೆ ಆ ಸಹನೆ ಎಲ್ಲಿಂದ ಬರಬೇಕು? ಅಂದು ಯಂತ್ರ ಆರಲಿಲ್ಲ. ವೇಗದ ಗೆರೆ ಮೊದಲಿನಷ್ಟು ಎತ್ತರಕ್ಕೆ ಹೋಗಲಿಲ್ಲ, ಆದರೆ ಕುಸಿಯಲೂ ಇಲ್ಲ.

ಮರುದಿನ ತಳದ ಮುಚ್ಚಳ ಬಿಚ್ಚಿದಾಗ ರೆಕ್ಕೆಗಳ ಬಾಯಿಗೆ ಉಣ್ಣೆಯ ಎಳೆ ಮತ್ತು ಶೇಂಗಾ ಬಡಿಯುವ ಕಾಲದ ಧೂಳು ಸೇರಿ ತೆಳುವಾದ ಜಮಖಾನೆಯೇ ನೇಯ್ದಿತ್ತು. ನೀವೂ ಶುಚಿ ಮಾಡುವುದಾದರೆ ಯಂತ್ರವನ್ನು ಪೂರ್ತಿ ಆರಿಸಿ, ಫ್ಯಾನಿನ ಎಸಳನ್ನು ಕಡ್ಡಿಯಿಂದ ಹಿಡಿದು, ಆಮೇಲೆ ಗಾಳಿ ಊದಿ. ಎಸಳು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಚಿಪ್ಪಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಬದಲಿಸುವುದು ತಿಳಿದವರ ಕೆಲಸ. ವಾರಂಟಿ ಇದ್ದರೆ ಮೊದಲು ಅದರ ಷರತ್ತು ಓದಿ.

ಆಟದ ಬಗ್ಗೆ ಒಂದು ಮಾತು. ಪರದೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದೆಂದು ಅಷ್ಟನ್ನೂ ತಯಾರಿಸಲೇಬೇಕೆಂದಿಲ್ಲ. ನಮ್ಮ ದೂರದರ್ಶನ ಸೆಕೆಂಡಿಗೆ 25 ಚೌಕಟ್ಟುಗಳಲ್ಲಿ ಇಡೀ ರಾಮಾಯಣವನ್ನೇ ತೋರಿಸಿತು! ಆಟದಲ್ಲಿ ಕೈಯ ಚುರುಕಿಗೆ ಹೆಚ್ಚು ಬೇಕು, ನಿಜ. ಆದರೂ ಬೇಸಿಗೆಯಲ್ಲಿ 60ಕ್ಕೆ ಮಿತಿ ಹಾಕಿದರೆ ಗ್ರಾಫಿಕ್ಸ್ ಚಿಪ್ಪಿನ ಹೊರೆ ಗಣನೀಯವಾಗಿ ಇಳಿಯುತ್ತದೆ.

ಹಳ್ಳಿಯ ವಿದ್ಯುತ್ತಿನ ಸಂಗತಿಯೂ ಇದೆ. ಬಹುತೇಕ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ಒಪ್ಪುತ್ತವೆ. ಹೀಗಾಗಿ ವೋಲ್ಟೇಜ್ ಬಿದ್ದರೂ ಲ್ಯಾಪ್‌ಟಾಪ್ ನಡೆಯುತ್ತದೆ. ಆದರೆ ಆಗ ಅಡಾಪ್ಟರ್ ಹೆಚ್ಚು ಕರೆಂಟ್ ಎಳೆದು ತಾನೂ ಕಾಯುತ್ತದೆ. ಅದನ್ನು ದಿಂಬಿನ ಕೆಳಗೆ ಇಡಬೇಡಿ. ಬ್ಯಾಟರಿಯಂತೂ ಬಿಸಿಯಲ್ಲಿ ನೂರಕ್ಕೆ ನೂರು ತುಂಬಿಕೊಂಡು ಕುಳಿತರೆ ಬೇಗ ಮುಪ್ಪಾಗುತ್ತದೆ. 80ಕ್ಕೆ ನಿಲ್ಲಿಸುವ ಸೌಲಭ್ಯ ನಿಮ್ಮ ಯಂತ್ರದಲ್ಲಿದ್ದರೆ ಬಳಸಿ. ಕರೆಂಟ್ ಹೋಗುವ ಊರಿನಲ್ಲಿ ಇದು ಕಷ್ಟದ ಆಯ್ಕೆ ಎಂದು ಹುಡುಗ ಹೇಳಿದ. ಅವನ ಮಾತು ಸರಿ. ಕೆಲಸದ ಗಡುವು ಇರುವ ದಿನ ಅವನು ಪೂರ್ತಿ ತುಂಬಿಸುತ್ತಾನೆ.

ಪರ್ಫಾರ್ಮೆನ್ಸ್ ಮೋಡನ್ನು ಅವನು ಬಿಟ್ಟಿಲ್ಲ. ಕೊನೆಯ ಪ್ರತಿ ತೆಗೆಯುವ ದೀರ್ಘ ಕೆಲಸವನ್ನು ಬೆಳಗಿನ ಜಾವ ನಾಲ್ಕಕ್ಕೆ, ಮಾಳಿಗೆ ಮನೆಯ ಕಿಟಕಿ ತೆರೆದು ಆ ಮೋಡ್‌ನಲ್ಲೇ ಓಡಿಸುತ್ತಾನೆ. ಬೋರ್ಡ್ ಬದಲಿಸಲಿಲ್ಲ. ಆ ಮದುವೆಯ ವಿಡಿಯೋ ಮಾತ್ರ ಹನ್ನೊಂದು ದಿನ ತಡವಾಯಿತು. ಮದುವೆ ಮನೆಯವರು ಒಪ್ಪಿದ ಹಣದಲ್ಲಿ ಕಾಲುಭಾಗ ಹಿಡಿದುಕೊಂಡರು. ಅಷ್ಟನ್ನು ನಾನು ತುಂಬಿಕೊಟ್ಟೆ.