ಪ್ರಶ್ನೆ ಊರಿನದು, ನಕ್ಷೆ ಯಾರದು?



ನಾನು ನಗರ ಯೋಜನೆಯ ಕೆಲಸದಲ್ಲಿದ್ದು ನಿವೃತ್ತನಾದವನು. ನಗರದ ಮಹಾಯೋಜನೆ ಪರಿಷ್ಕರಿಸಲು ಹೊರಗಿನ ಸಲಹಾ ಸಂಸ್ಥೆಗಳನ್ನು ನೇಮಿಸಿಕೊಳ್ಳುವುದರ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಒಂದು ಗುಂಡುತೋಪು. ಅಲ್ಲಿಂದಲೇ ಶುರು ಮಾಡುತ್ತೇನೆ.

ಅದೊಂದು ಮಧ್ಯಮ ಗಾತ್ರದ ಊರು. ಸಲಹಾ ಸಂಸ್ಥೆಯ ತಂಡ ಜಾಗಗಳ ಸದ್ಯದ ಬಳಕೆಯನ್ನು ಗುರುತಿಸಿಕೊಳ್ಳಲು ಬಂದಿತ್ತು. ನಾನು ಕಚೇರಿಯ ಪರವಾಗಿ ಜೊತೆಗಿದ್ದೆ. ಊರಂಚಿನಲ್ಲಿ ಏಳೆಂಟು ಹುಣಸೆಮರ, ಎರಡು ಹಿಪ್ಪೆಮರ ಇದ್ದ ಒಂದು ಬಯಲು. ತಂಡದ ಯುವತಿಯ ಕೈಯಲ್ಲಿದ್ದ ಉಪಗ್ರಹ ಚಿತ್ರದ ಮೇಲೆ ಅದು 'ಖಾಲಿ ಜಾಗ' ಎಂದು ಗುರುತಾಗಿತ್ತು. ಮರದಡಿ ಕೂತಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು ಹೇಳಿದರು: "ಖಾಲಿ ಅಂತ ಯಾರು ಹೇಳಿದ್ದು ತಾಯಿ? ಜಾತ್ರೆಗೆ ಬರೋ ಗಾಡಿಗಳೆಲ್ಲ ಇಲ್ಲೇ ಬಿಡೋದು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಇದರ ಮೇಲೇ ಹಾದುಹೋಗೋದು." ಆಕೆ ತನ್ನ ನಮೂನೆಯಲ್ಲಿ ಇದನ್ನೆಲ್ಲ ಬರೆಯಲು ಕಾಲಂ ಹುಡುಕಿದಳು. ಇರಲಿಲ್ಲ. ಕೊನೆಗೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.

ಆ ಕಾಲಂ ಏಕಿರಲಿಲ್ಲ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ನಮೂನೆಯನ್ನು ಸಂಸ್ಥೆಯವರು ನಮ್ಮ ಟಿಓಆರ್ ನೋಡಿಕೊಂಡು ತಯಾರಿಸಿದ್ದರು. ಏನೇನು ಮಾಡಬೇಕು, ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂದು ಕೆಲಸ ಕೊಡುವವರು ಬರೆದುಕೊಡುವ ಪತ್ರ ಅದು. ಬರೆದವರಲ್ಲಿ ನಾನೂ ಒಬ್ಬ. ಹಿಂದೆ ಬೇರೆ ಊರಿಗೆ ಮಾಡಿದ್ದ ಪತ್ರವನ್ನು ಮುಂದಿಟ್ಟುಕೊಂಡು ಹೆಸರು, ವಿಸ್ತೀರ್ಣ ತಿದ್ದಿ ಕಳಿಸಿದ್ದೆವು. ನಮ್ಮ ಊರಿಗೆ ಏನು ಕೇಳಬೇಕು ಎಂದು ನಾವು ಕೂತು ಚರ್ಚಿಸಲೇ ಇಲ್ಲ. ನಾವು ಕೇಳದ್ದಕ್ಕೆ ಆ ಹುಡುಗಿ ಉತ್ತರ ತರುವುದಾದರೂ ಹೇಗೆ?

ಈಗ ಎಲ್ಲರಿಗೂ ಗೊತ್ತಿರುವ ಬೆಂಗಳೂರಿಗೆ ಬರೋಣ. 1961ರ ನಮ್ಮ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಬೆಂಗಳೂರಿಗೆ 1984ರಲ್ಲಿ ಒಂದು ಸಮಗ್ರ ಅಭಿವೃದ್ಧಿ ಯೋಜನೆ ಬಂತು, 1995ರಲ್ಲಿ ಅದರ ಪರಿಷ್ಕರಣೆಯಾಯಿತು. ಮುಂದಿನದಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಫ್ರಾನ್ಸಿನ ಎಸ್‌ಸಿಇ ಎಂಬ ಸಂಸ್ಥೆಯ ನೆರವು ಪಡೆಯಿತು. ಅದೇ 2007ರ ಜೂನ್‌ನಲ್ಲಿ ಮಂಜೂರಾದ 'ಮಹಾಯೋಜನೆ 2015'. ಅದರ ನಂತರದ್ದಕ್ಕೆ ನೆದರ್ಲೆಂಡ್ಸ್ ಮೂಲದ ರಾಯಲ್ ಹ್ಯಾಸ್ಕೋನಿಂಗ್ ಡಿಎಚ್‌ವಿ ಸಂಸ್ಥೆ ಬಂತು. 2031ಕ್ಕೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆಂದು ಅಂದಾಜಿಸಿದ ಕರಡು 2017ರ ನವೆಂಬರಿನಲ್ಲಿ ಹೊರಬಂತು. ಸಾವಿರಾರು ಆಕ್ಷೇಪಣೆಗಳು ಬಂದವು. 2022ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. ಹೀಗಾಗಿ 2015ನೇ ಇಸವಿಗೆಂದು ಮಾಡಿದ ಯೋಜನೆಯೇ ಆ ಇಸವಿ ಕಳೆದು ಎಷ್ಟೋ ವರ್ಷಗಳಾದರೂ ಬೆಂಗಳೂರಿನ ಕಟ್ಟಡ ನಿಯಮಗಳ ಆಧಾರವಾಗಿ ಉಳಿಯಿತು.

ಇಲ್ಲಿ ನಾನು ಯಾವ ಸಂಸ್ಥೆಯನ್ನೂ ದೂರುತ್ತಿಲ್ಲ. ಸಂಚಾರದ ಲೆಕ್ಕ, ನೀರಿನ ಲೆಕ್ಕ, ಉಪಗ್ರಹ ಚಿತ್ರದ ವಿಶ್ಲೇಷಣೆ ಇವಕ್ಕೆ ಪಳಗಿದವರು ಬೇಕೇ ಬೇಕು. ಅಂಥವರು ನಮ್ಮ ಕಚೇರಿಗಳಲ್ಲಿ ಸಾಲದು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ರಾಜ್ಯ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾದ ಹುದ್ದೆಗಳು 4,000ಕ್ಕಿಂತ ಕಡಿಮೆ, ಅದರಲ್ಲೂ ಅರ್ಧದ ಹತ್ತಿರ ಖಾಲಿ. ಇಂಥ ಸ್ಥಿತಿಯಲ್ಲಿ ಸಲಹೆಗಾರರೇ ಬೇಡ ಎನ್ನುವುದು ಜವಾಬ್ದಾರಿಯ ಮಾತಲ್ಲ. ನನ್ನ ಚಿಂತೆ ಬೇರೆ. ಕೈಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಪ್ರಶ್ನೆ ಕೇಳುವುದನ್ನು, ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳುವುದನ್ನು ಗುತ್ತಿಗೆಗೆ ಕೊಟ್ಟರೆ ಊರಿಗೆ ಏನು ಉಳಿಯುತ್ತದೆ?

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ರಾಜಕಾಲುವೆ. 2015ರ ಯೋಜನೆಯಲ್ಲಿ ಕೆರೆಯ ಸುತ್ತ 30 ಮೀಟರ್ ಕಟ್ಟಡ ಬರಕೂಡದು. ಕಾಲುವೆಗಳಿಗೆ ನಡುಗೆರೆಯಿಂದ ಅಳೆದು ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಮತ್ತೆ ಹಳೆಯ ಅಂಕಿಗಳೇ ಬಂದವು. ಪತ್ರಿಕೆಗಳಲ್ಲಿ ಚರ್ಚೆಯೆಲ್ಲ ಈ ಮೀಟರುಗಳ ಮೇಲೆ ನಡೆಯಿತು. ಆದರೆ ಅಂಕಿ ಯಾವುದೇ ಇರಲಿ, ನಮ್ಮ ಮನೆಯ ಹಿಂದಿನ ಕಾಲುವೆ ಪ್ರಾಥಮಿಕವೋ ದ್ವಿತೀಯವೋ ಎಂದು ಹೇಳುವವರು ಯಾರು? ಲೆಕ್ಕ ಹಾಕಿ ನೋಡಿ. ಪ್ರಾಥಮಿಕ ಎಂದರೆ 50, ದ್ವಿತೀಯ ಎಂದರೆ 25. ವ್ಯತ್ಯಾಸ 25 ಮೀಟರ್. ಮೂವತ್ತು-ನಲವತ್ತರ ನಿವೇಶನದ ಉದ್ದ 12 ಮೀಟರಿನಷ್ಟು. ಅಂದರೆ ನಕ್ಷೆಯ ಮೇಲೆ ಒಂದು ಗೆರೆಯ ದರ್ಜೆ ಬದಲಾದರೆ ಕಾಲುವೆಯ ಪ್ರತಿ ದಂಡೆಯಲ್ಲೂ ಎರಡೆರಡು ಸಾಲು ಮನೆಗಳು ನಿರ್ಬಂಧದ ಒಳಗೋ ಹೊರಗೋ ಆಗುತ್ತವೆ. ಒಳಗಾದವರು ಬ್ಯಾಂಕಿನ ಸಾಲ ಇನ್ನೂ ಕಟ್ಟುತ್ತಿರುವವರು. ಹೊರಗಾದ ಕಡೆ ಮನೆ ಎದ್ದರೆ ಮುಂದಿನ ದೊಡ್ಡ ಮಳೆಯಲ್ಲಿ ನೀರು ನುಗ್ಗುವುದು ಅವರ ಅಡುಗೆಮನೆಗೆ.

ಈ ದರ್ಜೆಯನ್ನು ತೀರ್ಮಾನಿಸಲು ಗ್ರಾಮನಕ್ಷೆ ಬೇಕು. ಸರ್ವೆ ನಂಬರ್, ಖರಾಬು, ಹಳೆಯ ಟಿಪ್ಪಣಿ ಪುಸ್ತಕ ಬೇಕು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ ಎಂದು ಬಲ್ಲ ನೀರಗಂಟಿಯ ಮನೆಯವರು ಬೇಕು. ಹದಿನೆಂಟು ತಿಂಗಳ ಒಪ್ಪಂದದ ಮೇಲೆ ಬಂದ ತಂಡ ಇದನ್ನೆಲ್ಲ ಕಲಿಯಲು ಪ್ರಾಮಾಣಿಕವಾಗಿ ಹೆಣಗಾಡುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಕಲಿತ ಮೇಲೆ ಒಪ್ಪಂದ ಮುಗಿಯುತ್ತದೆ. ನಮಗೆ ಉಳಿಯುವುದು ಬಣ್ಣದ ನಕ್ಷೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಈ ಗೆರೆ ಇಲ್ಲಿ ಏಕೆ ಬಂತು, ಯಾರನ್ನು ಕೇಳಿ ಎಳೆದರು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಮುಂದಿನ ಸಲ ಬೇರೆ ದೇಶದ ಬೇರೆ ತಂಡ ಬರುತ್ತದೆ, ಮೊದಲಿಂದ ಶುರು. 2015ರ ಯೋಜನೆಯಲ್ಲಿ ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ಮಾಡಿದ್ದರು. 2031ರ ಕರಡಿನಲ್ಲಿ ಅವು 42. ಎಲ್ಲೆಗಳೇ ಬದಲಾದ ಮೇಲೆ ನಮ್ಮ ಬಡಾವಣೆಗೆ ಹಿಂದಿನ ಸಲ ಹೇಳಿದ ಉದ್ಯಾನ, ರಸ್ತೆ ಏನಾಯಿತು ಎಂದು ಸಾಮಾನ್ಯ ನಾಗರಿಕ ತಾಳೆ ಹಾಕುವುದು ಎಷ್ಟು ಕಷ್ಟ!

ಹೊರಗಿನವರು ಬಂದರೂ ಹೀಗಾಗದ ನಿದರ್ಶನಗಳಿವೆ, ಒಂದು ನಮ್ಮಲ್ಲೇ ಇದೆ. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಜರ್ಮನಿಯ ಆಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನಕ್ಕೆ ಬಂದರು. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಬಂದ ಯಹೂದಿ. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ 1948ರವರೆಗೆ ಇಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. ಆಮೇಲೆ ಭುವನೇಶ್ವರದ ಯೋಜನೆ ಮಾಡಿದರು. ಅವರು ವರದಿ ಒಪ್ಪಿಸಿ ಹೋಗಲು ಬಂದವರಲ್ಲ. ಸರ್ಕಾರದ ನೌಕರಿಯಲ್ಲಿದ್ದು, ಇಲ್ಲಿನ ಇಂಜಿನಿಯರುಗಳ ಜೊತೆ ಕೂತು, ಇಲ್ಲಿನ ಮಳೆ ಬಿಸಿಲು ಅನುಭವಿಸಿ ಕಲಿತವರು. ಮುಂದೆ ಲಂಡನ್ನಿನಲ್ಲಿ ಪಾಠ ಹೇಳುವಾಗ, ಒಮ್ಮೆ ಬರೆದು ಮುಗಿಸುವ ಮಹಾಯೋಜನೆಯ ಪದ್ಧತಿಯನ್ನೇ ಪ್ರಶ್ನಿಸಿ, ಕಾರ್ಯದ ಜೊತೆಜೊತೆಗೇ ತಿದ್ದಿಕೊಳ್ಳುತ್ತ ಹೋಗುವ ಯೋಜನೆಯ ಪರ ವಾದಿಸಿದರು. ಆ ವಿಚಾರದ ಬೇರು ನಮ್ಮ ನೆಲದಲ್ಲಿ ಅವರು ಕಳೆದ ವರ್ಷಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ದೆಹಲಿಯಲ್ಲೂ ಹಾಗೆಯೇ. 1962ರಲ್ಲಿ ಜಾರಿಗೆ ಬಂದ ಅಲ್ಲಿನ ಮೊದಲ ಮಹಾಯೋಜನೆಗೆ ಫೋರ್ಡ್ ಪ್ರತಿಷ್ಠಾನದ ಅಮೆರಿಕನ್ ತಜ್ಞರು ಸಲಹೆ ಕೊಟ್ಟರು, ಆ ತಂಡದ ಮುಂದಾಳು ಆಲ್ಬರ್ಟ್ ಮೇಯರ್. ಆದರೆ ಅವರು ಕೆಲಸ ಮಾಡಿದ್ದು 1955ರಲ್ಲಿ ಹುಟ್ಟಿದ ನಮ್ಮದೇ ಯೋಜನಾ ಕಚೇರಿಯ ಜೊತೆಗೆ. ತಜ್ಞರು ಹೋದ ಮೇಲೂ ಕಚೇರಿ ಉಳಿಯಿತು. ಕೇಂದ್ರದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಸಂಸ್ಥೆಯಾಗಿ ಇಂದಿಗೂ ಇದೆ. ಆ ಯೋಜನೆಯಲ್ಲಿ ತಪ್ಪುಗಳಿದ್ದವು, ಬಡವರಿಗೆ ಅದು ಜಾಗ ಸಾಕಷ್ಟು ಕೊಡಲಿಲ್ಲ. ಆದರೂ ಕಲಿತವರು ನಮ್ಮಲ್ಲೇ ಉಳಿದರು.

ಇನ್ನು ಟೆಂಡರಿನ ವಿಷಯ. ಸಾಮಾನ್ಯವಾಗಿ ಗುಣಮಟ್ಟಕ್ಕೆ 70 ಅಥವಾ 80 ಅಂಕ, ದರಕ್ಕೆ ಉಳಿದದ್ದು. ಗುಣಮಟ್ಟದ ಅಂಕ ಬರುವುದು ಸಂಸ್ಥೆಯ ವಹಿವಾಟು, ಹಿಂದೆ ಮಾಡಿದ ಯೋಜನೆಗಳು, ತಂಡದ ನಾಯಕರ ಅರ್ಹತೆ ಇವುಗಳಿಂದ. ಕಾಗದದಲ್ಲಿ ಹೆಸರಿದ್ದ ಹಿರಿಯ ತಜ್ಞರು ಊರಿಗೆ ಎಷ್ಟು ದಿನ ಬಂದರು ಎಂದು ಕೇಳುವವರು ಕಡಿಮೆ. ಹಣ ಕಂತಿನಲ್ಲಿ ಹೋಗುತ್ತದೆ: ಆರಂಭಿಕ ವರದಿಗೆ ಇಷ್ಟು, ಭೂಬಳಕೆ ನಕ್ಷೆಗೆ ಇಷ್ಟು, ಕರಡಿಗೆ ಇಷ್ಟು. ನಾನು ನೋಡಿದ ಒಪ್ಪಂದಗಳಲ್ಲಿ ಜನರ ಆಕ್ಷೇಪಣೆಗಳನ್ನು ಒಂದೊಂದಾಗಿ ಓದಿ, ಜಾಗಕ್ಕೆ ಹೋಗಿ ನೋಡಿ, ಉತ್ತರ ಬರೆಯುವ ಹಂತಕ್ಕೆ ಸಿಗುತ್ತಿದ್ದುದು ಬಹಳ ಸಣ್ಣ ಕಂತು. ಅತಿ ಹೆಚ್ಚು ದುಡಿಮೆ ಬೇಡುವ ಹಂತ ಅದು. ಹಣ ಇಲ್ಲದ ಕಡೆ ಜನವೂ ಇರುವುದಿಲ್ಲ. ಅಷ್ಟರಲ್ಲಿ ಗುಂಡುತೋಪಿಗೆ ನಡೆದುಬಂದ ಯುವತಿ ಬೇರೊಂದು ಊರಿನ ಕೆಲಸಕ್ಕೆ ಹೋಗಿರುತ್ತಾಳೆ.

ಹಾಗಾಗಿ ನಾನು ಸರ್ಕಾರಕ್ಕೂ ನಿಮಗೂ ಕೇಳಿಕೊಳ್ಳುವುದು ಇಷ್ಟು. ಟಿಓಆರ್ ಅನ್ನು ಟೆಂಡರ್ ಕರೆಯುವ ಮೊದಲೇ ಕನ್ನಡದಲ್ಲಿ ಪ್ರಕಟಿಸಿ, ವಾರ್ಡಿನಲ್ಲಿ ಚರ್ಚೆಗೆ ಇಡಿ. ಸಲಹಾ ತಂಡದ ಪ್ರತಿಯೊಬ್ಬ ತಜ್ಞರ ಪಕ್ಕ ನಮ್ಮ ಕಚೇರಿಯ ಒಬ್ಬರು ಮೊದಲ ದಿನದಿಂದ ಕೊನೆಯ ದಿನದವರೆಗೆ ಕೂರಲಿ. ಕ್ಷೇತ್ರ ಟಿಪ್ಪಣಿಗಳು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದೂ ಸೇರಿ, ಊರಿನ ಸ್ವತ್ತಾಗಿ ದಾಖಲೆ ಕೋಣೆಗೆ ಬರಲಿ. ಅದಾದ ಮೇಲೆಯೇ ಕೊನೆಯ ಕಂತು ಕೊಡಿ. ಆಕ್ಷೇಪಣೆ ಆಲಿಸುವ ಹಂತಕ್ಕೆ ದೊಡ್ಡ ಕಂತು ಇಡಿ.

ಕೇಳುವ ಹಕ್ಕು ಯಾರದು ಎಂಬುದನ್ನು ಸಂವಿಧಾನ ಹೇಳಿಬಿಟ್ಟಿದೆ. 74ನೇ ತಿದ್ದುಪಡಿಯ ಪ್ರಕಾರ ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡು ಪಾಲು ಸದಸ್ಯರು ನಗರಸಭೆ ಮತ್ತು ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳಿಂದ ಬರಬೇಕು. ಬೆಂಗಳೂರು ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಪಾಲಿಕೆ ಐದಾಯಿತು. ಹೊಸ ಮಹಾಯೋಜನೆಗೆ ಯಾವ ದೇಶದ ಸಂಸ್ಥೆ ಬಂದರೂ ನನಗೆ ಅಂಜಿಕೆಯಿಲ್ಲ. ಆದರೆ ಅವರ ಎದುರು ಕೂತು "ಈ ಗೆರೆ ಇಲ್ಲಿ ಏಕೆ?" ಎಂದು ಕೇಳುವ ಕಾರ್ಪೊರೇಟರ್ ಇಲ್ಲದಿದ್ದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕರಡು ಹೊರಬಂದ ಮೇಲೆ ಸಾರ್ವಜನಿಕರಿಗೆ ಸಿಗುವುದು 60 ದಿನ. ಆ ಅರವತ್ತು ದಿನಗಳಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಇದೇ ಸಭಾಂಗಣದಲ್ಲಿ ಕೂರುತ್ತೇನೆ, ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಿಮ್ಮ ಸರ್ವೆ ನಂಬರ್ ತನ್ನಿ, ಹಳೆಯ ಕ್ರಯಪತ್ರವಿದ್ದರೆ ತನ್ನಿ. ಮನೆಯಲ್ಲಿ ಕೆರೆ, ಕಾಲುವೆ ಬಲ್ಲ ಹಿರಿಯರಿದ್ದರೆ ಅವರನ್ನೂ ಕರೆತನ್ನಿ. ಗ್ರಾಮನಕ್ಷೆ ಹಾಸಿಕೊಂಡು ಒಟ್ಟಿಗೆ ನೋಡೋಣ, ಆಕ್ಷೇಪಣೆಯನ್ನು ಅಲ್ಲೇ ಕೂತು ಬರೆಯೋಣ.